ಕರೆಂಟು ಪೆಟ್ಟಿಗೆ ಖಾಲಿಯಾದ ಬೇಸಿಗೆ

ಮೊನ್ನೆ ಮಧ್ಯಾಹ್ನ ಈ ವರ್ಷದ ಮೊದಲ ಮಳೆ ಬಂತು. ಬಂದದ್ದೇ ತಡ, ವಾಡಿಕೆಯಂತೆ ಕರೆಂಟು ಹೋಯಿತು. ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ನಾಲ್ಕು ಹನಿ ಬಿದ್ದರೆ ಮೊದಲು ನೆನೆಯುವುದು ಕರೆಂಟು, ಆಮೇಲೆ ನೆಲ. ಮೆಟ್ಟಿಲ ಕೆಳಗಿನ ಗೂಡಿನಿಂದ ಬ್ಯಾಟರಿ ಪೆಟ್ಟಿಗೆಯನ್ನು ಎಳೆದು ಗುಂಡಿ ಒತ್ತಿದೆ. ಒಳಗಿನ ಪುಟ್ಟ ಫ್ಯಾನು ಗುರ್ರೆಂದು ತಿರುಗಿತು, ಜಾಲರಿಯಿಂದ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಬಿಸಿ ಪ್ಲಾಸ್ಟಿಕ್ಕಿನ ಜೊತೆಗೆ ನುಚ್ಚಿನ ವಾಸನೆ, ಭತ್ತದ ಹೊಟ್ಟಿನ ವಾಸನೆ, ಕೋಳಿಮರಿಯ ಮೈವಾಸನೆ. ಎರಡು ವರ್ಷವಾದರೂ ಹೋಗಿಲ್ಲ. ಎಷ್ಟು ಸಲ ಒರೆಸಿದ್ದೇನೆ, ಹಳೇ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಿದ್ದೇನೆ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಬೇಸಿಗೆ ಪೂರ್ತಿಯಾಗಿ ಎದ್ದು ಬಂತು.

ಪೆಟ್ಟಿಗೆಯನ್ನು ಮನೆಗೆ ತಂದವರು ನಮ್ಮ ಯಜಮಾನರು. ಯಾರನ್ನೂ ಕೇಳದೆ ದೊಡ್ಡ ವಸ್ತು ಕೊಂಡು ತರುವುದು ಅವರ ಜಾಯಮಾನ. ತಂದ ಮೇಲೆ ಅದರ ಕಡೆ ತಿರುಗಿಯೂ ನೋಡದಿರುವುದು ಅದಕ್ಕಿಂತ ದೊಡ್ಡ ಜಾಯಮಾನ. "ಕರೆಂಟ್ ಹೋದಾಗ ಬೇಕಾಗುತ್ತೆ, ಬಿಸಿಲಲ್ಲೂ ಚಾರ್ಜ್ ಆಗುತ್ತಂತೆ, ನೀನೇ ನೋಡ್ಕೊ" ಎಂದವರೇ ಸ್ನಾನಕ್ಕೆ ಹೋದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸಕ್ಕರೆ ಪೊಟ್ಟಣದ ಮೇಲೆ ಅಚ್ಚಾದದ್ದನ್ನೂ ಓದದೆ ಬಿಡುವವಳಲ್ಲ. ಮೇಲಾಗಿ ಬೇಸಿಗೆ ರಜ. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಹಿಡಿದು ಕೂತವಳು ಏಳುವ ಹೊತ್ತಿಗೆ ಸಾರು ಸೀದಿತ್ತು.

ಹಳೇ ಕಾಲದ ಟ್ರಂಕಿಗಿಂತ ಸ್ವಲ್ಪ ಚಿಕ್ಕದು, ಎರಡು ಕಡೆ ಹಿಡಿ, ಮುಂದೆ ಎಷ್ಟು ತುಂಬಿದೆ ಎಂದು ತೋರಿಸುವ ಪರದೆ. ಜೊತೆಗೆ ಮಡಚಿ ಬಿಚ್ಚುವ ಸೋಲಾರ್ ಹಲಗೆ. ಮಿಕ್ಕಿದ್ದೆಲ್ಲ ಮೊಬೈಲಿನ ಆ್ಯಪಿನಲ್ಲಿ. ಅಲ್ಲಿ ಪೆಟ್ಟಿಗೆಗೆ ನಾವು ಬುದ್ಧಿ ಹೇಳಬೇಕು: ಬಿಸಿಲಿದ್ದಾಗ ಬಿಸಿಲಿನಿಂದ ತುಂಬಿಕೊಂಡು ಮನೆಗೆ ಕೊಡುತ್ತಾ ಇರುತ್ತೀಯೋ, ಅಥವಾ ಗೋಡೆಯ ಕರೆಂಟಿನಿಂದ ತುಂಬಿಕೊಂಡು ಅದು ಹೋಗುವ ತನಕ ಸುಮ್ಮನೆ ಕಾಯುತ್ತೀಯೋ ಎಂದು. ಇನ್ನೊಂದು ಮುಖ್ಯವಾದದ್ದು, ಎಷ್ಟರವರೆಗೆ ಖಾಲಿಯಾದ ಮೇಲೆ ಕೊಡುವುದನ್ನು ನಿಲ್ಲಿಸಬೇಕು ಎನ್ನುವುದು. ಅಡಿಯಲ್ಲಿ ಸ್ವಲ್ಪ ಉಳಿಸಿದರೆ ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದಂತೆ. ನೂರರಲ್ಲಿ ಹತ್ತು ಉಳಿಸು ಎಂದು ಇಟ್ಟೆ.

ಇದನ್ನೆಲ್ಲ ಮೊದಲು ಯಾರಿಗಾದರೂ ಪಾಠ ಮಾಡಲೇಬೇಕಿತ್ತು, ಸಿಕ್ಕವರು ಅತ್ತೆ. ಇಲವಾಲದಾಚೆಯ ಹಳ್ಳಿಯವರು, ಬೇಸಾಯದ ಮನೆ. ನಮ್ಮ ಜೊತೆ ದಟ್ಟಗಳ್ಳಿಗೆ ಬಂದು ಬಹಳ ವರ್ಷವಾದರೂ ಹಿತ್ತಲಲ್ಲಿ ಕೋಳಿ ಇಲ್ಲದೆ ಅವರಿಗೆ ಬೆಳಗಾಗದು. ಪೆಟ್ಟಿಗೆಯನ್ನು ಸುತ್ತಲೂ ನೋಡಿ, ಬೆರಳಲ್ಲಿ ತಟ್ಟಿ, "ತಳದಲ್ಲಿ ಯಾಕವ್ವ ಉಳಿಸ್ಬೇಕು?" ಎಂದು ಕೇಳಿದರು.

"ನಿಮ್ಮ ಅಕ್ಕಿ ಡ್ರಮ್ಮು ಇಲ್ವಾ ಅತ್ತೆ? ತಳ ಕಾಣೋಕೆ ಬಿಡ್ತೀರಾ ನೀವು?"

"ಅಯ್ಯೋ ಎಲ್ಲಾರ ಉಂಟಾ! ಒಂದು ಹಿಡಿ ಉಳ್ದೇ ಇರ್ಬೇಕು."

"ಇದೂ ಅಷ್ಟೇ."

ಅತ್ತೆಗೆ ಅಂದಿನಿಂದ ಪೆಟ್ಟಿಗೆಯ ಮೇಲೆ ಗೌರವ ಹುಟ್ಟಿತು. ಶುಕ್ರವಾರ ಅಕ್ಕಿ ಡ್ರಮ್ಮಿನ ಜೊತೆ ಅದಕ್ಕೂ ಒಂದು ಬೊಟ್ಟು ಅರಿಶಿನ ಕುಂಕುಮ. "ಕರೆಂಟು ಪೆಟ್ಟಿಗೆ" ಎಂದು ಅವರೇ ಹೆಸರಿಟ್ಟರು. ನಾನು ಒಳ್ಳೆಯ ಉದಾಹರಣೆ ಕೊಟ್ಟೆನೆಂದು ಬೀಗಿದೆ. ಆ ಉದಾಹರಣೆಗೆ ಕಾಲು ಬಂದು ಕಾಂಪೌಂಡು ದಾಟುತ್ತದೆಂದು ಆಗ ಗೊತ್ತಿರಲಿಲ್ಲ.

ಗೌರವವೇನೋ ಹುಟ್ಟಿತು, ಸೋಲಾರ್ ಹಲಗೆಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಒಂದು ದಿನ ಸುಡುಸುಡು ಬಿಸಿಲಿದ್ದರೂ ಪೆಟ್ಟಿಗೆ ತುಂಬುತ್ತಿಲ್ಲ. ಆ್ಯಪಿನಲ್ಲಿ ಇದ್ದಬದ್ದದ್ದನ್ನೆಲ್ಲ ಬದಲಾಯಿಸಿದೆ, ತಂತಿ ಕಿತ್ತು ಚುಚ್ಚಿದೆ, ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಕೊನೆಗೆ ತಾರಸಿಗೆ ಹೋಗಿ ನೋಡಿದರೆ ಹಲಗೆಯ ಮೇಲೆ ತೆಳ್ಳನೆ ಬಟ್ಟೆ, ಬಟ್ಟೆಯ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. "ಕರ್ರಗದೆ, ಚೆಂದಾಗಿ ಕಾಯ್ತದೆ, ಬೇಗ ಒಣಗ್ಲಿ ಅಂತ ಇಟ್ಟೆ" ಎಂದರು ಅತ್ತೆ, ಸ್ವಲ್ಪವೂ ಅಳುಕಿಲ್ಲದೆ. ಆ ವರ್ಷದ ಸಂಡಿಗೆಯಷ್ಟು ಗರಿಗರಿ ಸಂಡಿಗೆಯನ್ನು ನಾನು ಮತ್ತೆ ತಿಂದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ಪಕ್ಕದ ಮನೆಯ ರತ್ನಮ್ಮನವರ ವಿಷಯಕ್ಕೆ ಬರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಂಜನಗೂಡಿನ ಕಡೆಯ ಹಳ್ಳಿಯಿಂದ ಓದಿ ಬಂದು ಸ್ವಂತ ಮನೆ ಕಟ್ಟಿಸಿಕೊಂಡವರು. ಬೆಳ್ಳನೆ ಶೂ ಹಾಕಿ ಬೆಳಿಗ್ಗೆ ವಾಕಿಂಗು, ಹಜಾರದಲ್ಲಿ ದೊಡ್ಡ ಬುದ್ಧನ ಪಟ, ಅದರ ಕೆಳಗೆ ದಿನಾ ಹೊಸ ಹೂವು. ಬಾಯಿ ಚುರುಕು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, "ಏನ್ ಟೀಚರಮ್ಮ" ಎಂದೇ ಮಾತು ಶುರು. ಕಾಲ ಕಳೆಯಲು ಬಾತುಕೋಳಿ ಮರಿಯಿಂದ ಹಿಡಿದು ಗೌಜುಗದ ಮರಿವರೆಗೆ ಏನೇನೋ ಸಾಕಿ ನೋಡಿದ್ದರು. ಮೊಟ್ಟೆಗೆ ಕಾವು ಕೊಡುವ ಒಂದು ಇನ್‌ಕ್ಯುಬೇಟರ್ ಕೂಡ ಅವರ ಮನೆಯಲ್ಲಿತ್ತು.

ಎರಡು ಮನೆಗೂ ಕಾಂಪೌಂಡಿನ ಮೇಲೆ ಕೊಡುವುದು ತೆಗೆದುಕೊಳ್ಳುವುದು ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮಿಂದ ಒಂದು ಲೋಟ ಸಕ್ಕರೆ ಹೋದರೆ ಆ ಲೋಟದಲ್ಲಿ ನಿಂಬೆಹಣ್ಣು ಬರುತ್ತಿತ್ತು. ಅವರ ಬುಟ್ಟಿಯಲ್ಲಿ ನುಗ್ಗೆಕಾಯಿ ಬಂದರೆ ನಮ್ಮ ಕರಿಬೇವು ಹೇರಿಕೊಂಡು ಬುಟ್ಟಿ ವಾಪಸು. ಇಸ್ಕೊಂಡ ಪಾತ್ರೆಯನ್ನು ಖಾಲಿ ಕೊಡಬಾರದು, ಇದು ಎರಡು ಮನೆಗೂ ಗೊತ್ತಿದ್ದ ಪದ್ಧತಿ. ರತ್ನಮ್ಮ ಮಾತ್ರ ಯಾವಾಗಲೂ ತೆಗೆದುಕೊಂಡದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕಿ ಕಳಿಸುತ್ತಿದ್ದರು. ಆದರೆ ಬೇಯಿಸಿದ್ದು ಕಾಂಪೌಂಡು ದಾಟುತ್ತಿರಲಿಲ್ಲ. ಬಂದ ಹೊಸತರಲ್ಲಿ ಅವರು ಒಂದು ಸಲ ಪಾಯಸ ಕಳಿಸಿದ್ದರು. "ನಂಗೆ ಸಿಹಿ ಆಗಾಕಿಲ್ಲ" ಎಂದು ಅತ್ತೆ ಬದಿಗಿಟ್ಟರು. ಆ ಸಂಜೆಯೇ ಅವರು ಎರಡು ಮೈಸೂರು ಪಾಕು ತಿಂದದ್ದನ್ನು ನಾನು ನೋಡಿದ್ದೇನೆ. ಅದು ಜಾತಿ, ಇನ್ನೇನಲ್ಲ. ಆ ಪದ ಎತ್ತದೆಯೇ ಆ ಕೆಲಸ ಮಾಡುವ ಜಾಣತನ ನಮ್ಮ ಮನೆಯಲ್ಲಿತ್ತು. ನಾನೂ ಯಜಮಾನರೂ ಪಾಯಸ ತಿಂದೆವು, ಅತ್ತೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ರತ್ನಮ್ಮ ಮತ್ತೆ ಏನನ್ನೂ ಬೇಯಿಸಿ ಕಳಿಸಲಿಲ್ಲ.

ಹೀಗಿರುವಾಗ ಮುಂಗುಸಿ ಬಂತು.

ಅತ್ತೆಯ ಕೋಳಿಗಳಲ್ಲಿ ಕೆಂಪಿ ಎಂಬುದೊಂದಿತ್ತು. ಅತ್ತೆ ಮದುವೆಯಾಗಿ ಬರುವಾಗ ಅವರ ಅವ್ವ ಬುಟ್ಟಿಯಲ್ಲಿ ಇಟ್ಟು ಕಳಿಸಿದ ಹೇಂಟೆಯ ಮರಿಯ ಮರಿಯ ಮರಿ. ನಡುವೆ ಎಷ್ಟು ತಲೆಮಾರು ಕಳೆಯಿತೋ ಅತ್ತೆಗೂ ಲೆಕ್ಕವಿಲ್ಲ. ತವರಿನ ಮನೆ, ಜಮೀನು, ಅಣ್ಣತಮ್ಮಂದಿರು ಎಲ್ಲ ಒಂದೊಂದಾಗಿ ಇಲ್ಲವಾದ ಮೇಲೂ ಆ ಕೋಳಿಯ ಸಂತಾನ ಮಾತ್ರ ಅತ್ತೆಯ ಹಿಂದೆಯೇ ಬಂದಿತ್ತು. ಕೆಂಪಿ ಆ ಬೇಸಿಗೆಯಲ್ಲಿ ಕಾವಿಗೆ ಕೂತಿತ್ತು. ಒಂದು ಬೆಳಿಗ್ಗೆ ನೋಡಿದರೆ ಹಿತ್ತಲ ತುಂಬ ಕೆಂಪು ಪುಕ್ಕ. ಬುಟ್ಟಿಯಲ್ಲಿ ಮೊಟ್ಟೆಗಳು ಮಾತ್ರ ಹಾಗೆಯೇ ಇದ್ದವು.

ಅತ್ತೆ ಬುಟ್ಟಿಯೊಳಗೆ ಕೈಯಿಟ್ಟು, "ಇನ್ನೂ ಬೆಚ್ಚಗವೆ ಕಣವ್ವ" ಎಂದು ಅಳತೊಡಗಿದರು. ಮಾವ ತೀರಿಕೊಂಡಾಗ ಗಟ್ಟಿಯಾಗಿ ನಿಂತಿದ್ದ ಹೆಂಗಸು. ಉಳಿದ ಎರಡು ಕೋಳಿ ಪೇಟೆಯಿಂದ ತಂದವು, ಕಾವಿಗೆ ಕೂರುವ ಜಾತಿಯವಲ್ಲ.

ಕಾಂಪೌಂಡಿನಾಚೆಯಿಂದ ರತ್ನಮ್ಮನ ದನಿ ಬಂತು. "ಅಳ್ತಾ ಕೂತ್ರೆ ಮೊಟ್ಟೆ ತಣ್ಣಗಾಗುತ್ತೆ ನಿಂಗಮ್ಮೋರೆ. ಇತ್ಲಾಗ್ ತನ್ನಿ, ನಮ್ಮ ಮಿಷನ್ನಿಗೆ ಹಾಕೋಣ."

ಅತ್ತೆ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೇಟು ತೆಗೆದು, ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದರು. ಯೋಚಿಸಲು ಪುರಸೊತ್ತೇ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಇನ್‌ಕ್ಯುಬೇಟರ್ ನೋಡಿ ಅದಕ್ಕೂ ಹೆಸರಿಟ್ಟರು, "ಕಾವು ಪೆಟ್ಟಿಗೆ".

ಈಗ ಎದ್ದ ಪ್ರಶ್ನೆ ಕರೆಂಟಿನದು. ಮಳೆಗಾಲಕ್ಕೆ ಮುಂಚಿನ ಗಾಳಿಮಳೆ ಶುರುವಾಗಿತ್ತು, ದಿನಕ್ಕೊಮ್ಮೆಯಾದರೂ ಕರೆಂಟು ಕೈಕೊಡುತ್ತಿತ್ತು. ಕಾವು ನಿಂತರೆ ಮೊಟ್ಟೆ ಸತ್ತವು ಎಂದೇ ಲೆಕ್ಕ. ಕಾವು ಪೆಟ್ಟಿಗೆಯನ್ನು ನಮ್ಮ ಮನೆಗೆ ತರೋಣವೆಂದೆ. "ಬ್ಯಾಡ, ಕೂತಿರೋ ಜಾಗ ಬದಲಾದ್ರೆ ಬಿಸಿ ಹೆಚ್ಚುಕಮ್ಮಿ ಆಗುತ್ತೆ" ಎಂದರು ರತ್ನಮ್ಮ. ಸರಿ, ಕರೆಂಟು ಪೆಟ್ಟಿಗೆಯೇ ಅಲ್ಲಿಗೆ ಹೋಗಲಿ ಎಂದು ಅತ್ತೆ ಅಪ್ಪಣೆ ಕೊಟ್ಟರು. ನಾನೂ ಯಜಮಾನರೂ ಹೊತ್ತುಕೊಂಡು ಹೋಗಿ ಅವರ ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಇಟ್ಟೆವು. ಗೋಡೆಯ ಕರೆಂಟು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕಾವಿಗೆ. ಕರೆಂಟಿದ್ದಾಗ ತುಂಬಿಕೊಂಡು ಸುಮ್ಮನಿರು, ಹೋದ ಕ್ಷಣ ನೀನು ಕೊಡು ಎಂದು ಬುದ್ಧಿ ಹೇಳಿ ಇಟ್ಟೆ. ರತ್ನಮ್ಮನ ಮೊಬೈಲಿಗೂ ಆ್ಯಪು ಹಾಕಿಕೊಟ್ಟು, ಅದೇ ಅಕ್ಕಿ ಡ್ರಮ್ಮಿನ ಉದಾಹರಣೆ ಕೊಟ್ಟು, ಉಳಿಸುವ ಅಂಕಿಯನ್ನು ಎಲ್ಲಿ ಬದಲಾಯಿಸುವುದೆಂದೂ ತೋರಿಸಿದೆ. ಅವರು ಕನ್ನಡಕ ಏರಿಸಿ, "ಇಷ್ಟೇನಾ? ಡ್ರಿಪ್ಪು ಎಷ್ಟು ಬಾಕಿ ಅಂತ ನೋಡ್ಕೊಂಡಂಗೆ" ಎಂದರು.

ಆಮೇಲಿನ ದಿನಗಳು ತಮಾಷೆಯವು. ಅತ್ತೆ ದಿನಕ್ಕೆ ಎಷ್ಟು ಸಲ ಆ ಮನೆಗೆ ಹೋಗುತ್ತಿದ್ದರೋ. ಮೊಟ್ಟೆ ತಿರುಗಿಸುವುದಕ್ಕೆ ಒಂದು ಸಲ, ತಿರುಗಿಸಿದ್ದು ಸರಿಯಾಯಿತೇ ಎಂದು ನೋಡುವುದಕ್ಕೆ ಮತ್ತೊಂದು ಸಲ. ಮುಚ್ಚಳಕ್ಕೆ ಕೈ ಹಾಕಿದರೆ ರತ್ನಮ್ಮ ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ಗದರಿಸುವಂತೆ ಗದರಿಸುತ್ತಿದ್ದರು. "ವಿಸಿಟಿಂಗ್ ಟೈಮ್ ಮುಗೀತು ನಿಂಗಮ್ಮೋರೆ, ಹೊರಡಿ." ಅತ್ತೆ ಹೊರಡುತ್ತಿರಲಿಲ್ಲ. ಇಬ್ಬರೂ ಮಂಡಿನೋವು, ಸೊಪ್ಪಿನ ಬೆಲೆ, ಬೀದಿಯ ಸೊಸೆಯಂದಿರು ಎಲ್ಲವನ್ನೂ ಮಾತಾಡುತ್ತಿದ್ದರು. ಸೊಸೆಯಂದಿರ ಮಾತು ಬಂದಾಗ ನಾನು ಕಾಂಪೌಂಡಿನ ಹತ್ತಿರ ಬಟ್ಟೆ ಒಣಗಿಸಲು ಹೋಗುತ್ತಿದ್ದೆ. ಆದರೆ ರತ್ನಮ್ಮ ಕಾಫಿ ಬೇಕೇ ಎಂದು ಕೇಳುತ್ತಿರಲಿಲ್ಲ, ಅತ್ತೆಯೂ ಬಾಯಾರಿದರೆ ನಮ್ಮ ಮನೆಗೆ ಬಂದು ನೀರು ಕುಡಿದು ಮತ್ತೆ ಹೋಗುತ್ತಿದ್ದರು. ನೋಡಿ ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕರೆಂಟು ಹೋದಾಗಲೆಲ್ಲ ಪೆಟ್ಟಿಗೆ ತನ್ನ ಕೆಲಸ ಮಾಡಿತು. ಕಾವು ಒಂದು ಸಲವೂ ನಿಲ್ಲಲಿಲ್ಲ.

ಮೊಟ್ಟೆಗಳು ಇನ್ನೇನು ಒಡೆಯಬೇಕು ಎನ್ನುವಾಗ ಆ ಗಾಳಿ ಎದ್ದಿತು. ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ, ಹಾಡುಹಗಲೇ ಕತ್ತಲು. ಚಾಮುಂಡಿ ಬೆಟ್ಟ ಮಾಯವಾಯಿತು. ತಾರಸಿಯ ಮೇಲಿನ ಬಕೆಟ್ಟುಗಳು ಮೂರನೇ ಮನೆಗೆ ಹಾರಿದವು. ಬೀದಿ ಕೊನೆಯ ಗುಲ್‌ಮೊಹರ್ ಮರ ಹೂವಿನ ಸಮೇತ ಕರೆಂಟಿನ ಕಂಬದ ಮೇಲೆ ಬಿದ್ದು, ಕಂಬ ತಂತಿಯ ಸಮೇತ ರಸ್ತೆಗೆ ಬಿತ್ತು. ಮಳೆ ನಿಂತ ಮೇಲೆ ಬಂದ ಲೈನ್‌ಮನ್ ಸುತ್ತ ನೋಡಿ, "ಇವತ್ತು ಆಸೆ ಬುಟ್ಬುಡಿ, ನಾಳೆನೂ ಗ್ಯಾರಂಟಿ ಇಲ್ಲ. ಎಲ್ಲಾ ಕಡೆ ಇಂಗೇ ಆಗದೆ" ಎಂದ.

ನಾನು ಹೆದರಲಿಲ್ಲ. ಪೆಟ್ಟಿಗೆ ತುಂಬಿತ್ತು, ಕಾವಿಗೆ ಬೇಕಾಗುವುದು ಅಷ್ಟಿಷ್ಟು ಕರೆಂಟು, ಮರುದಿನ ಬೆಳಗಿನವರೆಗೆ ಧಾರಾಳ ಎಂದು ಲೆಕ್ಕ ಹಾಕಿ ಅತ್ತೆಗೆ ಧೈರ್ಯ ಹೇಳಿದೆ. ಗಣಿತದವಳ ಧೈರ್ಯ. ಮುಸ್ಸಂಜೆ ಅತ್ತೆ ದೇವರಿಗೆ ದೀಪ ಹಚ್ಚಿ ಮೊಟ್ಟೆ ನೋಡಿ ಬರುತ್ತೇನೆಂದು ಹೋದವರು, ಅಲ್ಲಿಂದಲೇ ಕೂಗಿದರು. "ಸುಮಾ! ಓಡ್ ಬಾರೇ! ಕಾವು ಆರೋಗದೆ!"

ಓಡಿದೆ. ಕಾವು ಪೆಟ್ಟಿಗೆಯ ದೀಪ ನಿಜಕ್ಕೂ ಆರಿತ್ತು. ರತ್ನಮ್ಮ ಅಡುಗೆಮನೆಯಲ್ಲಿ ಮೇಣದಬತ್ತಿ ಹಿಡಿದು ಸಾರು ಮಾಡುತ್ತಿದ್ದವರು ಸೌಟಿನ ಸಮೇತ ಬಂದರು. ಅವರ ಮುಖವೂ ಬಿಳಿಚಿತ್ತು. "ಈಗ ತಾನೆ ಉರೀತಿತ್ತಲ್ಲಮ್ಮ!" ಎಂದರು. ಪರದೆ ನೋಡಿದೆ. ಎಂಬತ್ತು. ನೂರರಲ್ಲಿ ಎಂಬತ್ತು ಭಾಗ ತುಂಬಿಕೊಂಡು ಪೆಟ್ಟಿಗೆ ತೆಪ್ಪಗೆ ಕೂತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ. ಆ್ಯಪು ತೆಗೆದು ನೋಡಿದರೆ, ಹತ್ತು ಉಳಿಸು ಎಂದು ನಾನಿಟ್ಟಿದ್ದ ಕಡೆ ಎಂಬತ್ತು ಉಳಿಸು ಎಂದಿದೆ. ಎಂಬತ್ತಕ್ಕೆ ಇಳಿದ ಕೂಡಲೇ ಅದು ಹೇಳಿದ ಮಾತು ಕೇಳಿ ಬಾಗಿಲು ಹಾಕಿಕೊಂಡಿದೆ.

"ಇದನ್ನ ಯಾರು ಬದಲಾಯಿಸಿದ್ದು?" ಎಂದೆ. ತರಗತಿಯಲ್ಲಿ ಕೇಳುವ ದನಿಯೇ ಬಂದಿರಬೇಕು.

"ನಾನೇ ಕಣಮ್ಮ" ಎಂದರು ರತ್ನಮ್ಮ. "ನೀವೇ ತೋರಿಸ್ಕೊಟ್ರಲ್ಲ. ಇಸ್ಕೊಂಡ ಪಾತ್ರೆನೇ ಖಾಲಿ ಕೊಡಲ್ಲ ನಾನು, ಇಷ್ಟು ದೊಡ್ಡ ಪೆಟ್ಟಿಗೆನ ತಳ ಕೆರೆದು ಕೊಡ್ಲಾ? ಎಂಬತ್ತಕ್ಕೇ ತಾನಾಗೇ ನಿಂತ್ಕೋತದೆ ಅಂತ ನಂಗೆ ಹೊಳೀಲಿಲ್ಲ."

"ಮೊಟ್ಟೆ ಹೋದ್ರೂ ಚಿಂತಿಲ್ಲ, ಪೆಟ್ಟಿಗೆ ತುಂಬಿರ್ಬೇಕಾಗಿತ್ತಾ?" ಎಂದು ಅತ್ತೆ ದನಿ ಏರಿಸಿದರು. "ನಾನೇನಾರ ಅಂತಿದ್ನಾ ನಿಮ್ಗೆ? ಯಾವತ್ತಾರ ಒಂದ್ ಮಾತು ಅಂದಿದೀನಾ?"

ರತ್ನಮ್ಮ ಮೇಣದಬತ್ತಿಯನ್ನು ಕೆಳಗಿಟ್ಟರು. "ನೀವು ಅಂದಿಲ್ಲ ನಿಂಗಮ್ಮೋರೆ. ತಿಂದೂ ಇಲ್ಲ."

ರತ್ನಮ್ಮನೇ ಮುಂದುವರಿಸಿದರು, ಈ ಸಲ ಮೆಲ್ಲಗೆ. "ತಗೊಂಡ್ರೆ ಖಾಲಿ ಮಾಡಿ ಕೊಟ್ರು ಅಂತ ನನ್ನ ಬಗ್ಗೆ ಯಾರೂ ಅನ್ನಬಾರ್ದು. ಚಿಕ್ಕಂದಿನಿಂದ ನಮ್ಮವ್ವ ಅದೇ ಹೇಳಿ ಬೆಳೆಸಿದ್ದು. ಒಂದು ಹಿಡಿ ಹೆಚ್ಚೇ ಹಾಕಿ ಕೊಡು ಅಂತ. ಯಾರ ಹಂಗೂ ಇಲ್ಲದೆ ಇರ್ಬೇಕು ಅಂತ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಷ್ಟು ವರ್ಷ ಬುಟ್ಟಿ ತುಂಬಿ ಬಂದ ನುಗ್ಗೆಕಾಯಿಯನ್ನು ಔದಾರ್ಯವೆಂದು ಹುಳಿಗೆ ಹಾಕಿ ಉಂಡಿದ್ದೆವು. ಅತ್ತೆ ತಲೆ ತಗ್ಗಿಸಿ ಕಾವು ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿಕೊಂಡು ನಿಂತಿದ್ದರು, ತಮ್ಮ ಕೈಯ ಬಿಸಿಯನ್ನೇ ಮೊಟ್ಟೆಗೆ ಕೊಡುವವರಂತೆ.

"ಸುಮಾ" ಎಂದರು ಆಮೇಲೆ. "ಅದೇನೋ ಉಳಿಸೋದು ಅಂತಿಯಲ್ಲ, ಅದನ್ನ ಸೊನ್ನೆಗೆ ಇಕ್ಕು. ತಳ ಕಾಣ್ಲಿ."

"ಪೂರ್ತಿ ಖಾಲಿ ಮಾಡಿದ್ರೆ ಬ್ಯಾಟರಿಗೆ ಒಳ್ಳೇದಲ್ಲ ಅತ್ತೆ, ಹತ್ತಾದ್ರೂ..."

"ಅಕ್ಕಿ ಡ್ರಮ್ಮು ಇರೋದು ಹಸ್ದೋರಿಗೆ ಕಣವ್ವ. ಮುಚ್ಚಳ ತೆಗ್ದು ನೋಡೋಕಲ್ಲ."

ಸೊನ್ನೆಗೆ ಇಟ್ಟೆ. ಪುಸ್ತಕದ ಎಚ್ಚರಿಕೆಯನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಮೀರಿಲ್ಲ. ಫ್ಯಾನು ಗುರ್ರೆಂದಿತು, ಕಾವಿನ ಕೆಂಪು ದೀಪ ಹತ್ತಿತು. ಅತ್ತೆ ಒಂದು ಮೊಟ್ಟೆ ತೆಗೆದು ಕಿವಿಗೆ ಹಿಡಿದರು. ರತ್ನಮ್ಮ ಗದರಿಸಲು ಬಾಯಿ ತೆರೆದವರು ತಾವೂ ಕಿವಿ ಕೊಟ್ಟರು. ಒಳಗೆ ಕೊಕ್ಕಿನ ಸಣ್ಣ ಸದ್ದು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅತ್ತೆ ಮೊಟ್ಟೆಯನ್ನು ಒಳಗಿಟ್ಟು ಮುಚ್ಚಳ ಮುಚ್ಚಿ, ಗೋಡೆಗೊರಗಿ ಅಲ್ಲೇ ಕೂತರು.

"ಒಲೆ ಮೇಲೆ ಏನದೆ ರತ್ನಮ್ಮ?" ಎಂದು ಕೇಳಿದರು.

"ಹುರುಳಿಕಾಳು ಸಾರು. ಮುದ್ದೆಗೆ ಎಸರಿಡ್ಬೇಕು."

"ನಂಗೂ ಒಂದ್ ಮುದ್ದೆ ಸೇರ್ಸಿ ಎಸರಿಡು. ಹೊಟ್ಟೆ ಹಸೀತದೆ."

ರತ್ನಮ್ಮ ಒಂದು ಗಳಿಗೆ ಅವರನ್ನೇ ನೋಡಿದರು. ಈ ಹೆಂಗಸು ನಿಜ ಹೇಳುತ್ತಿದ್ದಾಳೋ ಮರಿಗಳ ಆಸೆಗೆ ಹೇಳುತ್ತಿದ್ದಾಳೋ ಎಂದು ಅಳೆಯುವ ನೋಟ ಅದು, ನನಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ, "ಸಾರು ಖಾರ ಇದೆ, ಆಮೇಲೆ ಸಿಹಿ ಕೇಳ್ಬೇಡಿ" ಎಂದು ಒಳಗೆ ಹೋದರು. ಮೈಸೂರು ಪಾಕಿನ ಸುದ್ದಿ ಅವರಿಗೆ ಯಾರು ಮುಟ್ಟಿಸಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಕೆನ್ನೆ ಕೆಂಪಗಾಗಿ ನಕ್ಕರು. ಅವತ್ತು ಎರಡು ಮುದ್ದೆ ಉಂಡರು, ಮೂರನೇ ಸಲ ಸಾರು ಹಾಕಿಸಿಕೊಂಡರು, ರಾತ್ರಿ ಅಲ್ಲೇ ಚಾಪೆ ಹಾಸಿಕೊಂಡು ಮಲಗಿದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಸ್ವಲ್ಪವೇ ಉಳಿದಿತ್ತು. ಕಂಬ ಇನ್ನೂ ರಸ್ತೆಯಲ್ಲೇ ಮಲಗಿತ್ತು. ಮೋಡದ ನಡುವೆ ಬಿಸಿಲು ಕಣ್ಣಾಮುಚ್ಚಾಲೆ ಆಡುತ್ತಿತ್ತು. ಸೋಲಾರ್ ಹಲಗೆಯನ್ನು ರತ್ನಮ್ಮನ ತಾರಸಿಗೆ ಹೊತ್ತು ಹಾಕಿ, ತಂತಿಯನ್ನು ಕಿಟಕಿಯಿಂದ ಇಳಿಬಿಟ್ಟೆವು. ಹಲಗೆಯ ಕಾವಲು ಅತ್ತೆಯದು. ಜೀವಮಾನವೆಲ್ಲ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗಿಸಿದ ಕೈ. ಬಿಸಿಲು ಸರಿದ ಹಾಗೆ ಹಲಗೆಯನ್ನೂ ಸರಿಸುತ್ತಾ, ನೀರಿನ ಟ್ಯಾಂಕಿನ ನೆರಳು ಬೀಳದ ಹಾಗೆ ಓರೆ ಮಾಡುತ್ತಾ, ಮೇಲಿಂದ ಕೂಗುತ್ತಿದ್ದರು. "ಈಗ ಎಂಗದೆ?" "ಏರ್ತಾ ಇದೆ ಅತ್ತೆ!" "ಈಗ?" "ಮೋಡ ಬಂತು, ಇಳೀತಾ ಇದೆ!" "ಥೂ, ಆಳಾದ್ ಮೋಡ!" ಹನಿ ಹನಿ ಕೂಡಿದರೆ ಹಳ್ಳ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ, ಪರದೆಯ ಮೇಲೆ ಕಣ್ಣಾರೆ ನೋಡಿದ್ದು ಅವತ್ತು.

ಮಧ್ಯಾಹ್ನದ ಹೊತ್ತಿಗೆ ಮೊದಲ ಮೊಟ್ಟೆ ಬಿರಿಯಿತು. ಒದ್ದೆ ಪುಕ್ಕದ ಉಂಡೆಯೊಂದು ಹೊರಗೆ ಬಿದ್ದು, ಇದೇನು ಲೋಕವೋ ಎಂದು ಕೊಕ್ಕು ತೆರೆಯಿತು. ಆಮೇಲೆ ಒಂದರ ಹಿಂದೆ ಒಂದು. ಎಲ್ಲವೂ ಒಡೆಯಲಿಲ್ಲ, ಕೆಲವು ಹಾಗೆಯೇ ಉಳಿದವು. ಅದಕ್ಕೆ ಹಿಂದಿನ ಸಂಜೆಯ ತಣುಪು ಕಾರಣವೋ ಬೇರೇನೋ ಯಾರೂ ಕೇಳಲಿಲ್ಲ. ಒಡೆದು ಬಂದವು ಒಂದು ಬುಟ್ಟಿ ತುಂಬುವಷ್ಟಿದ್ದವು, ಅವುಗಳಲ್ಲೊಂದು ಕಡುಗೆಂಪು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು, "ನೋಡ್ ರತ್ನಮ್ಮ, ನಮ್ಮವ್ವನ ಕೋಳಿ" ಎಂದರು. ಅಲ್ಲಿಯೇ ಗೋಣಿತಾಟಿನ ಮೇಲೆ ಭತ್ತದ ಹೊಟ್ಟು ಹರಡಿ, ನುಚ್ಚು ಚೆಲ್ಲಿ, ಮರಿಗಳನ್ನು ಕರೆಂಟು ಪೆಟ್ಟಿಗೆಗೆ ಒತ್ತಿ ಬಿಟ್ಟೆವು. ಫ್ಯಾನಿನ ಜಾಲರಿಯ ಬೆಚ್ಚನೆ ಗಾಳಿ ಎಲ್ಲಿ ಬರುತ್ತದೆಂದು ಅವಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಟ್ಟು, ನುಚ್ಚು, ಪುಕ್ಕ ಎಲ್ಲ ಪೆಟ್ಟಿಗೆಯ ಒಳಕ್ಕೆ ಹೋದದ್ದು ಆಗಲೇ.

ಸಂಜೆ, ಕೊನೆಯ ಮರಿಯ ಮೈ ಆರಿದ ಮೇಲೆ, ಪೆಟ್ಟಿಗೆ ಒಂದು ಸಲ ಕೀ ಎಂದು ಕೂಗಿ ಸುಮ್ಮನಾಯಿತು. ಪರದೆಯಲ್ಲಿ ಸೊನ್ನೆ. ಕರೆಂಟು ಬಂದದ್ದು ಅದಾದ ಮೇಲೆ, ಎಲ್ಲರೂ ಉಂಡ ಮೇಲೆ ಬರುವ ನೆಂಟನ ಹಾಗೆ.

ಮರುದಿನ ರತ್ನಮ್ಮ ಪೆಟ್ಟಿಗೆ ವಾಪಸು ತಂದರು. ಒಂದು ಕಡೆಯ ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಕರೆಂಟು ಬಂದ ಮೇಲೆ ಅವರು ಅದನ್ನು ಚಾರ್ಜಿಗೆ ಹಾಕಿರಲಿಲ್ಲ. ಮರೆತದ್ದಲ್ಲ, ಆ ಹೆಂಗಸು ಏನನ್ನೂ ಮರೆಯುವವರಲ್ಲ. ನಮ್ಮ ಹೊಸ್ತಿಲ ಹತ್ತಿರ ನಿಂತು, ಗುಂಡಿ ಒತ್ತಿ, ಸೊನ್ನೆಯನ್ನು ಅತ್ತೆಗೆ ತೋರಿಸಿದರು.

"ಖಾಲಿ ತಂದಿದೀನಿ ನಿಂಗಮ್ಮೋರೆ. ಒಂದು ಚೂರೂ ಉಳಿಸಿಲ್ಲ."

"ಒಳಗ್ ಬಾ" ಎಂದರು ಅತ್ತೆ. "ಕಾಫಿ ಇಟ್ಟಿದೀನಿ."

ಆಮೇಲೆ ಬೀದಿಯಲ್ಲಿ ಯಾವುದೋ ಕ್ರಾಂತಿಯಾಯಿತೆಂದು ನಾನು ಹೇಳುವುದಿಲ್ಲ. ಅತ್ತೆಯ ತಂಗಿ ಬಂದಾಗ ಅತ್ತೆಯ ಮಾತು ಸ್ವಲ್ಪ ಬಿಗಿಯಾಗುತ್ತದೆ, ರತ್ನಮ್ಮ ಅದನ್ನು ಗಮನಿಸುತ್ತಾರೆ, ಎರಡು ದಿನ ಬಿಟ್ಟು ಚುಚ್ಚುತ್ತಾರೆ. ಆ ಕಡುಗೆಂಪು ಮರಿ ಈಗ ದೊಡ್ಡ ಹೇಂಟೆ, ಎರಡು ಹಿತ್ತಲಲ್ಲೂ ಕೆದರುತ್ತದೆ, ಇಬ್ಬರ ಬೈಗುಳವನ್ನೂ ತಿನ್ನುತ್ತದೆ. ಪೆಟ್ಟಿಗೆ ಈಗ ಯಾರ ಮನೆಯದೆಂದು ಹೇಳುವುದು ಕಷ್ಟ. ಎಷ್ಟು ತುಂಬಿರುತ್ತದೆಂದು ಹೇಳುವುದು ಇನ್ನೂ ಕಷ್ಟ.

ಮೊನ್ನೆ ಮೆಟ್ಟಿಲ ಮೇಲೆ ಕೂತಿದ್ದವಳನ್ನು ಎಬ್ಬಿಸಿದ್ದು ಅತ್ತೆಯೇ. ಮಳೆ ನಿಂತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ರತ್ನಮ್ಮನ ಸ್ಟೀಲ್ ಡಬ್ಬಿ ಇತ್ತು. ಹಿಂದಿನ ದಿನ ಅದರಲ್ಲಿ ಪಾಯಸ ಬಂದಿತ್ತು, ಅತ್ತೆ ಬೆರಳಲ್ಲಿ ಬಳಿದು ತಿಂದು ತೊಳೆದಿಟ್ಟಿದ್ದರು. "ಅವಳ ಡಬ್ಬಿ ಕೊಟ್ ಬಾ ಹೋಗು" ಎಂದರು. ನಾನು ಅಭ್ಯಾಸ ಬಲದಿಂದ ಸಕ್ಕರೆ ಡಬ್ಬಕ್ಕೆ ಕೈ ಹಾಕಿದೆ.

ಅತ್ತೆ ನನ್ನ ಕೈಯನ್ನು ಮೆಲ್ಲಗೆ ತಡೆದರು. "ಏನೂ ಹಾಕ್ಬ್ಯಾಡ ಕಣವ್ವ. ಖಾಲಿನೇ ಕೊಡು."